ಕಾಂಕ್ರೀಟಿನೊಳಗಣ ಉಕ್ಕಿನ ಹಿಡಿತ



ಪಟ್ಟಣವಾಸಿಗಳಾದ ನಾವು ಹಗಲಿರುಳಿನ ಬಹುಭಾಗವನ್ನು ಕಾಂಕ್ರೀಟಿನ ತಾರಸಿಯ ಕೆಳಗೆ ಕಳೆಯುತ್ತೇವೆ. ನಮ್ಮ ಹಿರಿಯರು ಕಟ್ಟಿದ ಮದರಾಸು ತಾರಸಿಯ ಮನೆಗಳಲ್ಲಾದರೆ, ತಲೆಯೆತ್ತಿ ನೋಡಿದವರಿಗೆ ಭಾರವನ್ನು ಹೊತ್ತವರು ಯಾರೆಂಬುದು ಒಡನೆಯೇ ಕಾಣುತ್ತಿದ್ದಿತು. ಸಾಲಾಗಿ ಜೋಡಿಸಿದ ಮರದ ತೊಲೆಗಳು, ಅವುಗಳ ಮೇಲೆ ಒತ್ತಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆಗಳು, ಅವುಗಳ ಮೇಲೆ ಸುಣ್ಣದ ಗಾರೆ. ತೊಲೆಯ ತುದಿಯು ಗೋಡೆಯೊಳಕ್ಕೆ ಎಷ್ಟು ದೂರ ಕುಳಿತಿದೆಯೆಂಬುದನ್ನು ಮನೆಯ ಯಜಮಾನನು ಕಣ್ಣಾರೆ ನೋಡಿ ತಿಳಿಯುತ್ತಿದ್ದನು. ಮರಕ್ಕೆ ಗೆದ್ದಲು ಹತ್ತಿದರೂ, ತೊಲೆ ಬಾಗಿದರೂ ಅದು ಮನೆಯವರೆಲ್ಲರ ಕಣ್ಣಿಗೆ ಬೀಳುತ್ತಿದ್ದಿತು. ಕಾಂಕ್ರೀಟಿನ ಮನೆಯಲ್ಲಿ ಹಾಗಲ್ಲ. ಅಲ್ಲಿ ಭಾರವನ್ನು ಹೊತ್ತಿರುವ ಉಕ್ಕಿನ ಸರಳುಗಳು ಕಲ್ಲಿನಂತೆ ಗಟ್ಟಿಯಾದ ಒಡಲೊಳಗೆ ಹುದುಗಿಹೋಗಿವೆ. ಅವುಗಳನ್ನು ಹಿಡಿದುಕೊಂಡಿರುವ ಶಕ್ತಿಯಂತೂ ಎಂದೆಂದಿಗೂ ಕಾಣತಕ್ಕುದಲ್ಲ. ಈ ಕಾಣದ ಹಿಡಿತವು ಮನುಷ್ಯನಿಗೆ ಹೇಗೆ ತಿಳಿದುಬಂದಿತು, ಅದನ್ನು ತಿಳಿಯಲು ಎಷ್ಟು ಕಾಲ ಹಿಡಿಯಿತು, ತಿಳಿಯದುದಕ್ಕೆ ಏನು ಬೆಲೆ ತೆರಬೇಕಾಯಿತು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಈ ಹೊತ್ತು ಅರಿಕೆಮಾಡಿಕೊಳ್ಳುವೆವು.

ಮೊದಲು, ಉಕ್ಕು ಅಲ್ಲಿ ಏತಕ್ಕೆ ಬೇಕೆಂಬುದನ್ನು ನೆನೆಯೋಣ. ಸಿಮೆಂಟು, ಮರಳು, ಜಲ್ಲಿ, ನೀರು ಸೇರಿ ಗಟ್ಟಿಯಾದ ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಒತ್ತಡಕ್ಕೆ ಅದು ತೋರುವ ಬಲದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರವೇ ಎಳೆತದಲ್ಲಿ ಅದಕ್ಕುಂಟು. ಎರಡು ಗೋಡೆಗಳ ಮೇಲೆ ಕುಳಿತ ತೊಲೆಯ ನಡುವೆ ಭಾರವನ್ನಿಟ್ಟರೆ ತೊಲೆಯ ಮೇಲ್ಭಾಗವು ಅಮುಕಲ್ಪಡುತ್ತದೆ, ಕೆಳಭಾಗವು ಹಿಗ್ಗಲೆಳಸುತ್ತದೆ. ಆ ಕೆಳಭಾಗದಲ್ಲಿ ಕಾಂಕ್ರೀಟು ಬಿರಿಯುವುದರಿಂದ ಎಳೆತವನ್ನು ಹೊರುವುದಕ್ಕಾಗಿ ಅಲ್ಲಿ ಉಕ್ಕಿನ ಸರಳನ್ನಿಡುತ್ತಾರೆ. ಇಷ್ಟು ಎಲ್ಲರೂ ಬಲ್ಲ ಸಂಗತಿ. ಆದರೆ ಸರಳನ್ನು ಇಟ್ಟ ಮಾತ್ರಕ್ಕೆ ಅದು ಭಾರವನ್ನು ಹೊರುವುದೆಂದು ತಿಳಿಯಬಾರದು. ಓಟೆಬಿದಿರಿನೊಳಗೆ ಒಂದು ನೂಲನ್ನು ಸಡಿಲವಾಗಿ ಹಾಯಿಸಿ ಬಿದಿರನ್ನು ಬಗ್ಗಿಸಿದರೆ ನೂಲಿಗೆ ಏನು ತಿಳಿದೀತು? ಬಿದಿರು ಮುರಿದರೂ ನೂಲು ತನ್ನ ಪಾಡಿಗೆ ತಾನು ಸರಿದಾಡಿಕೊಂಡಿರುವುದು. ಕಾಂಕ್ರೀಟಿನೊಳಗೆ ಜಾರುವ ಸರಳು ಇಲ್ಲದ ಸರಳಿಗೆ ಸಮಾನ. ಆದುದರಿಂದ ಈ ಕಟ್ಟಡವಿದ್ಯೆಯೆಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಸರಳನ್ನು ಎಳೆದಾಗ ಅದನ್ನು ಹಿಡಿದುಕೊಳ್ಳುವವರು ಯಾರು?

ಈ ವಿದ್ಯೆಯನ್ನು ಮೊದಲು ತೊಡಗಿದವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ತೋರುವುದಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಇಟ್ಟಿಗೆಗಾರೆ ಕೆಲಸಗಾರನಾದ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟು ಪಡೆದುದು 1824ನೆಯ ಇಸವಿಯಲ್ಲಿ. ಆ ಬಳಿಕ ಕಾಲು ಶತಮಾನ ಕಳೆಯುವಷ್ಟರಲ್ಲಿ, 1848ರಲ್ಲಿ, ಫ್ರಾನ್ಸಿನ ಲಾಂಬೋ ಎಂಬ ಜಮೀನುದಾರನು ಕಬ್ಬಿಣದ ಬಲೆಗೆ ಸಿಮೆಂಟು ಗಾರೆಯನ್ನು ಮೆತ್ತಿ ಒಂದು ದೋಣಿಯನ್ನೇ ಮಾಡಿದನು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಜನರು ನೋಡಿದರು. 1867ರಲ್ಲಿ ಜೋಸೆಫ್ ಮೋನಿಯೇ ಎಂಬ ತೋಟಗಾರನು, ಗಿಡಗಳನ್ನು ನೆಡುವ ಸಿಮೆಂಟಿನ ತೊಟ್ಟಿಗಳು ಒಡೆಯದಂತೆ ಅವುಗಳೊಳಗೆ ಕಬ್ಬಿಣದ ಬಲೆಯನ್ನಿರಿಸಿ ಪೇಟೆಂಟು ಪಡೆದನು. ಇವರೀರ್ವರೂ ಬಲೆಯನ್ನು ಬಳಸಿದವರು. ಬಲೆಯಲ್ಲಿ ಒಂದು ತಂತಿಗೆ ಅಡ್ಡಲಾಗಿ ಇನ್ನೊಂದು ತಂತಿ ಇರುವುದರಿಂದ, ಒಂದನ್ನು ಎಳೆದರೆ ಅಡ್ಡ ತಂತಿಗಳು ಗಾರೆಗೆ ಕೊಟ್ಟುಕೊಂಡು ನಿಲ್ಲುತ್ತವೆ. ಹಿಡಿತದ ಪ್ರಶ್ನೆಯನ್ನು ಅವರು ಬಿಡಿಸಲಿಲ್ಲ. ಅವರು ಹಿಡಿದ ಸಾಧನವೇ ಅದನ್ನು ಅವರಿಗೆ ತಿಳಿಯದಂತೆ ಬಿಡಿಸಿಕೊಟ್ಟಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ವಿಲಿಯಂ ವಿಲ್ಕಿನ್‌ಸನ್ ಎಂಬ ಗಾರೆಕೆಲಸದ ಯಜಮಾನನು 1854ರಲ್ಲಿ ಪೇಟೆಂಟು ಪಡೆದು, ಕಾಂಕ್ರೀಟಿನ ಮಾಳಿಗೆಗಳೊಳಗೆ ಕಲ್ಲಿದ್ದಲ ಗಣಿಗಳಲ್ಲಿ ಸವೆದು ಬಿಟ್ಟ ತಂತಿಹಗ್ಗಗಳನ್ನು ಹೂಳತೊಡಗಿದನು. ಎಳೆತವಿರುವ ಕಡೆಯಲ್ಲಿಯೇ ಕಬ್ಬಿಣವಿರಬೇಕೆಂಬುದನ್ನು ಆತನು ಬಲ್ಲವನಾಗಿದ್ದನು. ಹಗ್ಗವೆಂದ ಮೇಲೆ ಅದಕ್ಕೆ ಹುರಿಯುಂಟು. ಹುರಿಯ ಏರುತಗ್ಗುಗಳಲ್ಲಿ ಗಾರೆ ಹೊಕ್ಕು ಗಟ್ಟಿಯಾದರೆ ಹಗ್ಗವು ಸುಲಭವಾಗಿ ಜಾರದು. ಇಲ್ಲಿಯೂ ಸಾಧನದ ಗುಣವು ತಾನಾಗಿಯೇ ಒದಗಿಬಂದಿತು.

ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಕಂಡವರಲ್ಲಿ ಮೊದಲಿಗನೆಂದು ಅಮೆರಿಕದ ಥೇಡಿಯಸ್ ಹೈಯಟ್ ಎಂಬಾತನನ್ನು ಹೆಸರಿಸಬಹುದು. ಈತನ ಬಾಳು ವಿಚಿತ್ರವಾದುದು. ಕಾಲುದಾರಿಗಳ ಕೆಳಗಣ ನೆಲಮಾಳಿಗೆಗಳಿಗೆ ಬೆಳಕು ಬೀಳುವಂತೆ ಕಬ್ಬಿಣದ ಚೌಕಟ್ಟಿನಲ್ಲಿ ಗಾಜನ್ನು ಕೂಡಿಸುವ ಉಪಾಯವನ್ನು ಕಂಡುಹಿಡಿದು ಈತನು ಧನಿಕನಾದನು. ಗುಲಾಮಗಿರಿಯ ವಿರೋಧಿಯಾಗಿದ್ದ ಈತನು, ಜಾನ್ ಬ್ರೌನನ ದಂಗೆಯನ್ನು ಕುರಿತ ವಿಚಾರಣೆಯಲ್ಲಿ ಸಾಕ್ಷಿ ನುಡಿಯಲು ಒಪ್ಪದೆ 1860ರಲ್ಲಿ ವಾಷಿಂಗ್‌ಟನ್ನಿನ ಸೆರೆಮನೆಯಲ್ಲಿಯೂ ಇದ್ದನು. ತರುವಾಯ ಲಂಡನ್ನಿನಲ್ಲಿ ಡೇವಿಡ್ ಕರ್ಕಾಲ್ಡಿಯ ಪರೀಕ್ಷಾಶಾಲೆಯಲ್ಲಿ ಕಬ್ಬಿಣವನ್ನೊಳಗೊಂಡ ಕಾಂಕ್ರೀಟು ತೊಲೆಗಳನ್ನು ಮುರಿಸಿ ನೋಡಿ, ಅದರ ಫಲವನ್ನು 1877ರಲ್ಲಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದನು. ಎರಡು ಮುಖ್ಯವಾದ ಮಾತುಗಳನ್ನು ಆತನು ಕಂಡುಕೊಂಡನು. ಬಿಸಿ ತಾಗಿದಾಗ ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬುದು ಒಂದು. ಇಂದಿನ ಲೆಕ್ಕದಲ್ಲಿ, ಒಂದು ಸೆಂಟಿಗ್ರೇಡ್ ಡಿಗ್ರಿಗೆ ಉಕ್ಕು ಹತ್ತು ಲಕ್ಷದಲ್ಲಿ ಸುಮಾರು 12 ಭಾಗವೂ ಕಾಂಕ್ರೀಟು ಸುಮಾರು 10 ಭಾಗವೂ ಹಿಗ್ಗುತ್ತವೆ. ಹೀಗಲ್ಲದೆ ಒಂದು ಹೆಚ್ಚು, ಒಂದು ಕಡಮೆ ಹಿಗ್ಗುವಂತಿದ್ದರೆ ಬೇಸಗೆಯ ಬಿಸಿಲೇ ಇವೆರಡನ್ನೂ ಬೇರ್ಪಡಿಸುತ್ತಿದ್ದಿತು. ಕಬ್ಬಿಣದ ಮೈ ನುಣುಪಾಗಿರಬಾರದೆಂಬುದು ಎರಡನೆಯದು. 1878ರಲ್ಲಿ ಆತನು ಪಡೆದ ಅಮೆರಿಕದ ಪೇಟೆಂಟಿನಲ್ಲಿ, ಚಪ್ಪಟೆಯಾದ ಪಟ್ಟಿಗಳ ಮೈಮೇಲೆ ಗುಬ್ಬಿಗಳನ್ನು ಎಬ್ಬಿಸಬೇಕೆಂದು ಹೇಳಿದೆ. ಸರಳು ಸಿಮೆಂಟಿಗೆ ಬರಿದೆ ಅಂಟಿಕೊಂಡಿದ್ದರೆ ಸಾಲದು, ಅದರಲ್ಲಿ ಕಚ್ಚಿಕೊಂಡಿರಬೇಕು ಎಂಬ ಅಭಿಪ್ರಾಯವು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಜರ್ಮನಿಯಲ್ಲಿ ಮೋನಿಯೇಯ ಹಕ್ಕುಗಳನ್ನು ಕೊಂಡ ವೈಸ್ ಎಂಬ ಗುತ್ತಿಗೆದಾರನಿಗೆ ಸರ್ಕಾರದ ಇಂಜಿನಿಯರುಗಳು ಮೂರು ಶಂಕೆಗಳನ್ನು ಒಡ್ಡಿದರು. ಒಳಗಿನ ಕಬ್ಬಿಣ ತುಕ್ಕು ಹಿಡಿಯದೆ? ಬಿಸಿಲು ಚಳಿಗಳಿಗೆ ಎರಡೂ ಬೇರೆಯಾಗವೆ? ಕಬ್ಬಿಣವು ಕಾಂಕ್ರೀಟಿನಲ್ಲಿ ನಿಲ್ಲುವುದೆಂಬುದಕ್ಕೆ ಪ್ರಮಾಣವೇನು? ಇವಕ್ಕೆ ಉತ್ತರವಾಗಿ ಪರೀಕ್ಷೆಗಳು ನಡೆದವು. ಮ್ಯೂನಿಕ್ಕಿನ ಆಚಾರ್ಯ ಬೌಷಿಂಗರ್ ಸರಳಿನ ಹಿಡಿತವನ್ನು ಅಳೆದನು. ಬರ್ಲಿನ್ನಿನ ಕೋನೆನ್ ಲೆಕ್ಕದ ಕ್ರಮವನ್ನು ಹಾಕಿಕೊಟ್ಟನು. ಇವೆಲ್ಲವೂ 1887ರಲ್ಲಿ ವೈಸನು ಹೊರತಂದ ‘ಮೋನಿಯೇ ಪದ್ಧತಿ’ ಎಂಬ ಪುಸ್ತಕದಲ್ಲಿ ಸೇರಿ ಪ್ರಕಟವಾದವು. ತೋಟಗಾರನ ಕೈಚಳಕವು ಶಾಸ್ತ್ರವಾದುದು ಇಲ್ಲಿಂದ ಮುಂದೆ.

ಆದರೆ ಹಿಡಿತದ ಕಥೆಯಲ್ಲಿ ನಾಯಕನ ಸ್ಥಾನಕ್ಕೆ ಬರತಕ್ಕವನು ಅರ್ನೆಸ್ಟ್ ರಾನ್ಸಮ್. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನವನಾದ ಈತನ ತಂದೆಯು ಕೃತಕ ಶಿಲೆಯನ್ನು ಮಾಡುವುದರಲ್ಲಿ ಹೆಸರಾದವನು. ಮಗನು ಅಮೆರಿಕಕ್ಕೆ ಹೋಗಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಕಾಂಕ್ರೀಟಿನ ಕೆಲಸಕ್ಕೆ ಕೈಹಾಕಿದನು. 1884ರಲ್ಲಿ ಆತನು ಪಡೆದ ಪೇಟೆಂಟು ನೋಡುವುದಕ್ಕೆ ಬಹು ಸಾಮಾನ್ಯವಾದುದು: ನಾಲ್ಕುಮೂಲೆಯ ಕಬ್ಬಿಣದ ಸರಳನ್ನು ತೆಗೆದುಕೊಂಡು, ಕಾಯಿಸದೆ, ತಣ್ಣಗಿರುವಾಗಲೇ ಹಗ್ಗದಂತೆ ಹುರಿಗೊಳಿಸುವುದು. ಹಾಗೆ ಮಾಡಿದಾಗ ನಾಲ್ಕು ಮೂಲೆಗಳು ಸರಳಿನ ಉದ್ದಕ್ಕೂ ಸುತ್ತಿಕೊಂಡು ಹೋಗುತ್ತವೆ. ಸುತ್ತಲೂ ಕಾಂಕ್ರೀಟು ಗಟ್ಟಿಯಾದ ಮೇಲೆ ಆ ಸರಳನ್ನು ನೇರವಾಗಿ ಎಳೆದು ತೆಗೆಯುವುದು ಸಾಧ್ಯವಿಲ್ಲ. ಗೋಡೆಗೆ ಹೊಡೆದ ಮೊಳೆಯನ್ನು ಕೀಳುವುದಕ್ಕೂ ತಿರುಗಿಸಿ ಹೊಗಿಸಿದ ಸ್ಕ್ರೂವನ್ನು ಕೀಳುವುದಕ್ಕೂ ಇರುವ ಭೇದವೇ ಇದು.

ಈ ಸರಳನ್ನು ಕ್ಯಾಲಿಫೋರ್ನಿಯದ ಇಂಜಿನಿಯರುಗಳ ಸಭೆಯ ಮುಂದೆ ತಂದಿಟ್ಟಾಗ ಸಭೆಯು ನಕ್ಕುಬಿಟ್ಟಿತೆಂದು ರಾನ್ಸಮನೇ ಮುಂದೆ ಬರೆದುಕೊಂಡಿದ್ದಾನೆ. ಹುರಿಗೊಳಿಸಿದುದರಿಂದ ಕಬ್ಬಿಣವು ಕೆಟ್ಟುಹೋಯಿತೆಂಬುದು ಅವರ ಅಭಿಪ್ರಾಯ. ಪರೀಕ್ಷೆಯು ಇದಕ್ಕೆ ವಿರೋಧವಾದುದನ್ನು ತೋರಿಸಿತು. ತಣ್ಣಗೆ ಹುರಿಗೊಂಡ ಲೋಹವು ಮೊದಲಿಗಿಂತ ಹೆಚ್ಚಿನ ಎಳೆತಕ್ಕೆ ನಿಲ್ಲುತ್ತದೆ. ಅದರ ಬಳುಕು ಮಾತ್ರ ಕಡಮೆಯಾಗುತ್ತದೆ. 1889ರಲ್ಲಿ ಆ ನಗರದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ರಾನ್ಸಮನು ಕಟ್ಟಿದ ಆಲ್ವರ್ಡ್ ಕೆರೆಯ ಸೇತುವೆಯೊಳಗೆ ಇದೇ ಹುರಿಸರಳುಗಳಿವೆ. 1902ರಲ್ಲಿ ನ್ಯೂಜೆರ್ಸಿಯ ಬೇಯಾನ್ ಎಂಬಲ್ಲಿ ಆತನು ಕಟ್ಟಿದ್ದ ಕಾರ್ಖಾನೆಗೆ ಬೆಂಕಿ ಬಿದ್ದು, ಒಳಗಿನ ಸಾಮಗ್ರಿಯೆಲ್ಲ ಸುಟ್ಟು, ಹಿತ್ತಾಳೆ ಕರಗಿದರೂ ಕಟ್ಟಡವು ನಿಂತಿತು. ಅದರ ಮರುವರ್ಷವೇ ಸಿನ್ಸಿನಾಟಿಯಲ್ಲಿ 16 ಅಂತಸ್ತುಗಳ ಇಂಗಲ್ಸ್ ಕಟ್ಟಡವು ಈ ಪದ್ಧತಿಯಂತೆ ಮುಗಿಯಿತು. ಕಾಂಕ್ರೀಟಿನ ಗಗನಚುಂಬಿಗಳಲ್ಲಿ ಅದೇ ಮೊದಲನೆಯದು. 1906ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪವಾದಾಗ ಸ್ಟ್ಯಾನ್‌ಫರ್ಡ್ ವಿದ್ಯಾಪೀಠದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿಗೆಯಿಂದ ಸೇರಿಸಿದ್ದ ಭಾಗಗಳು ಕುಸಿದವು. ರಾನ್ಸಮನ ಹುರಿಸರಳುಗಳಿದ್ದ ನಡುಭಾಗವು ಉಳಿಯಿತು. ನಕ್ಕವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಯೂರೋಪಿನಲ್ಲಿ ವಿಷಯವು ಬೇರೊಂದು ದಾರಿಯನ್ನು ಹಿಡಿಯಿತು. 1892ರಲ್ಲಿ ಪೇಟೆಂಟು ಪಡೆದ ಫ್ರಾನ್ಸಿನ ಎನ್ನೆಬಿಕ್ ಎಂಬ ಗುತ್ತಿಗೆದಾರನು ನುಣುಪಾದ ದುಂಡು ಸರಳುಗಳನ್ನೇ ಬಳಸಿದನು. ಆದರೆ ಅವುಗಳ ತುದಿಯನ್ನು ಸೀಳಿ ಮೀನಿನ ಬಾಲದಂತೆ ಅಗಲಿಸಿದನು. ಸರಳಿನ ಮೈಯುದ್ದಕ್ಕೂ ಹಿಡಿತವು ಸೋತರೂ ತುದಿಯಾದರೂ ಲಂಗರಿನಂತೆ ನಿಂತುಕೊಳ್ಳಲಿ ಎಂಬುದು ಅವನ ಭಾವ. ಬಳಿಕ ಮೀನಿನ ಬಾಲವು ಹೋಗಿ ಕೊಕ್ಕೆ ಬಂದಿತು. ತುದಿಯನ್ನು ಹಿಂದಕ್ಕೆ ಬಾಗಿಸಿದರೆ, ಎಳೆದಾಗ ಬಾಗಿನ ಒಳಮೈಯು ಕಾಂಕ್ರೀಟನ್ನು ಒತ್ತುತ್ತದೆ. ಒತ್ತಡವನ್ನು ತಾಳುವುದು ಕಾಂಕ್ರೀಟಿನ ಸಹಜಗುಣವಾದುದರಿಂದ ಕೊಕ್ಕೆಯು ನಿಲ್ಲುತ್ತದೆ. ಹೀಗೆ ಅಮೆರಿಕವು ಸರಳಿನ ಮೈಯನ್ನು ತಿದ್ದಿತು, ಯೂರೋಪು ಅದರ ತುದಿಯನ್ನು ತಿದ್ದಿತು. ನಮ್ಮ ದೇಶಕ್ಕೆ ಮೊದಲು ಬಂದುದು ಎರಡನೆಯ ಪದ್ಧತಿ. ಹಳೆಯ ಕಾಂಕ್ರೀಟು ಕಟ್ಟಡಗಳನ್ನು ಕೆಡವುವಾಗ ತುದಿ ಬಾಗಿಸಿದ ನುಣುಪು ದುಂಡುಸರಳುಗಳು ಹೊರಬೀಳುವುದನ್ನು ನೋಡಿದವರು ನಮ್ಮಲ್ಲಿ ಅನೇಕರಿರಬಹುದು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಬಗೆಬಗೆಯ ಸರಳುಗಳ ಸಂತೆಯೇ ನೆರೆಯಿತು. ಏಣುಗಳುಳ್ಳವು, ಗಂಟುಗಳುಳ್ಳವು, ರೆಕ್ಕೆಗಳನ್ನು ಕತ್ತರಿಸಿ ಮೇಲಕ್ಕೆ ಬಾಗಿಸಿದವು—ಒಂದೊಂದಕ್ಕೂ ಒಂದೊಂದು ಪೇಟೆಂಟು, ಒಂದೊಂದು ಕಂಪೆನಿ. ತಮ್ಮದೇ ಉತ್ತಮವೆಂದು ಎಲ್ಲರೂ ಸಾರಿದರು. ಈ ಗದ್ದಲದ ನಡುವೆ ಸರಳಿನ ಹಿಡಿತವೆಂದರೇನೆಂದು ಸಮಾಧಾನದಿಂದ ಅಳೆದು ನೋಡಿದವನು ಇಲಿನಾಯ್ ವಿದ್ಯಾಪೀಠದ ಡಫ್ ಏಬ್ರಮ್ಸ್. ಕಾಂಕ್ರೀಟಿನಲ್ಲಿ ನೀರು ಹೆಚ್ಚಿದಷ್ಟೂ ಬಲ ಕುಗ್ಗುವುದೆಂಬ ನಿಯಮವನ್ನು 1918ರಲ್ಲಿ ಸಾರಿ ಹೆಸರಾದವನೂ ಈತನೇ. ಹಿಡಿತವನ್ನು ಕುರಿತ ಆತನ ವರದಿಯು 1913ರ ಡಿಸೆಂಬರಿನಲ್ಲಿ ಹೊರಬಂದಿತು. ಕಾಂಕ್ರೀಟಿನ ದಿಮ್ಮಿಯಲ್ಲಿ ಹೂತ ಸರಳಿನ ಒಂದು ತುದಿಯನ್ನು ಯಂತ್ರದಿಂದ ಎಳೆಯುವುದು, ಇನ್ನೊಂದು ತುದಿಯು ಯಾವಾಗ, ಎಷ್ಟು ಸರಿಯಿತೆಂಬುದನ್ನು ಸೂಕ್ಷ್ಮವಾದ ಮಾಪಕದಿಂದ ನೋಡುವುದು—ಇದು ಆತನ ಕ್ರಮ.

ಈ ಕ್ರಮದಿಂದ ತಿಳಿದುದೇನೆಂದರೆ, ಹಿಡಿತವೆಂಬುದು ಒಂದೇ ವಸ್ತುವಲ್ಲ. ಮೊದಲನೆಯದು ಅಂಟು, ಸಿಮೆಂಟು ಉಕ್ಕಿನ ಮೈಗೆ ಅಂಟಿಕೊಂಡಿರುವುದು. ಸರಳು ಕೂದಲೆಳೆಯಷ್ಟು ಸರಿದರೂ ಇದು ಹರಿದುಹೋಗುತ್ತದೆ. ಎರಡನೆಯದು ಉಜ್ಜಾಟ, ಅಂಟು ಹರಿದ ಮೇಲೆ ಸರಳಿನ ಒರಟು ಮೈಯು ಕಾಂಕ್ರೀಟಿಗೆ ಉಜ್ಜಿ ತಡೆಯುವುದು. ನುಣುಪು ಸರಳಿನಲ್ಲಿ ಈ ಎರಡೇ ಉಂಟು; ಅಂಗುಲದ ಸುಮಾರು ನೂರರಲ್ಲೊಂದು ಭಾಗ ಸರಿಯುವಷ್ಟರಲ್ಲಿ ಅದರ ಪೂರ್ಣಬಲವು ಮುಗಿದು, ಅಲ್ಲಿಂದ ಮುಂದೆ ಇಳಿಮುಖವಾಗುತ್ತದೆ. ಏಣುಗಳುಳ್ಳ ಸರಳಿನಲ್ಲಿ ಮೂರನೆಯದೊಂದುಂಟು. ಪ್ರತಿಯೊಂದು ಏಣೂ ತನ್ನ ಮುಂದಿರುವ ಕಾಂಕ್ರೀಟಿನ ಮೇಲೆ ಒರಗಿ ಅದನ್ನು ಒತ್ತುತ್ತದೆ. ವಿಶೇಷವೇನೆಂದರೆ, ಸರಳು ಸ್ವಲ್ಪ ಸರಿದ ಹೊರತು ಏಣುಗಳು ಕೆಲಸಕ್ಕೆ ತೊಡಗವು. ಅಂಟು ಸೋತ ಮೇಲೆಯೇ ಅವುಗಳ ಬಲವು ತೋರುವುದು. ಮೆರುಗು ಕೊಟ್ಟ ಸರಳು ಬಹು ಬೇಗ ಜಾರುವುದೆಂದೂ, ಮೈಗೆ ಗಟ್ಟಿಯಾಗಿ ಕಚ್ಚಿದ ತೆಳುವಾದ ತುಕ್ಕು ಹಿಡಿತವನ್ನು ಕೆಡಿಸದೆ ಹೆಚ್ಚಿಸುವುದೆಂದೂ ಈ ಪರೀಕ್ಷೆಗಳಿಂದ ಗೊತ್ತಾಯಿತು. ಕಂದಿದ ಸರಳನ್ನು ಕಂಡು ಗಾಬರಿಗೊಳ್ಳುವ ಮನೆಯೊಡೆಯರು ಇದನ್ನು ನೆನಪಿನಲ್ಲಿಡಬಹುದು. ಹಕ್ಕಳೆಯಾಗಿ ಏಳುವ ತುಕ್ಕು, ಮಣ್ಣು, ಬಣ್ಣ, ಎಣ್ಣೆ—ಇವು ಮಾತ್ರ ಶತ್ರುಗಳು. ಸೆಂಟ್ರಿಂಗ್ ಹಲಗೆಗಳಿಗೆ ಬಳಿಯುವ ಎಣ್ಣೆಯು ಸರಳಿನ ಮೇಲೆ ಚೆಲ್ಲಿದರೆ ಹಿಡಿತವು ಅಲ್ಲಿಗೇ ಸಡಿಲಿತೆಂದು ತಿಳಿಯಬೇಕು.

ಏಣು ಇರಬೇಕೆಂಬುದೇನೋ ಗೊತ್ತಾಯಿತು. ಎಷ್ಟು ಎತ್ತರ, ಎಷ್ಟು ಅಂತರ ಎಂಬುದು ಇತ್ಯರ್ಥವಾಗಲು ಇನ್ನೂ ಮೂವತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ವಾಷಿಂಗ್‌ಟನ್ನಿನ ರಾಷ್ಟ್ರೀಯ ಪ್ರಮಾಣ ಸಂಸ್ಥೆಯಲ್ಲಿ ಆರ್ಥರ್ ಕ್ಲಾರ್ಕ್ ಎಂಬಾತನು ಮಾರುಕಟ್ಟೆಯ ಬಗೆಬಗೆಯ ಸರಳುಗಳನ್ನು ಒಟ್ಟಿಗಿಟ್ಟು ಎಳೆದು ನೋಡಿ 1946ರಲ್ಲಿಯೂ 1949ರಲ್ಲಿಯೂ ಫಲವನ್ನು ಪ್ರಕಟಿಸಿದನು. ಅದರಿಂದ ಹುಟ್ಟಿದ ಅಮೆರಿಕದ ನಿಯಮದಂತೆ ಏಣುಗಳ ನಡುವಣ ಅಂತರವು ಸರಳಿನ ವ್ಯಾಸದ ಹತ್ತರಲ್ಲಿ ಏಳು ಪಾಲನ್ನು ಮೀರಬಾರದು. ಏಣಿನ ಎತ್ತರವು ವ್ಯಾಸದ ನೂರಕ್ಕೆ 4ರಿಂದ 5 ಪಾಲಿಗಿಂತ ಕಡಮೆಯಾಗಬಾರದು. ಇಂದು ಲೋಕದಲ್ಲೆಲ್ಲ ಕಾಣುವ ಏಣುಸರಳಿನ ರೂಪವು ಬಹುಮಟ್ಟಿಗೆ ಈ ಕೆಲಸದ ಫಲ. ಕ್ಲಾರ್ಕನು ತೋರಿಸಿದ ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಆಳವಾದ ತೊಲೆಯಲ್ಲಿ ಕೆಳಗಣ ಸರಳಿಗಿಂತ ಮೇಲಣ ಸರಳಿಗೆ ಹಿಡಿತವು ಕಡಮೆ. ಹಸಿಯ ಕಾಂಕ್ರೀಟು ಸುರಿದ ಮೇಲೆ ಭಾರವಾದ ಜಲ್ಲಿಯು ಕೆಳಕ್ಕಿಳಿಯುತ್ತದೆ, ನೀರು ಮೇಲಕ್ಕೇಳುತ್ತದೆ. ಹಾಗೆ ಏಳುವ ನೀರು ಮೇಲಣ ಸರಳಿನ ಹೊಟ್ಟೆಯ ಕೆಳಗೆ ನಿಂತು, ಆರಿದ ಮೇಲೆ ಅಲ್ಲಿ ಟೊಳ್ಳಾಗುತ್ತದೆ. ನೀರು ಹೆಚ್ಚಾಗಿ ಬೆರೆಸಿದಷ್ಟೂ ಈ ಟೊಳ್ಳು ಹೆಚ್ಚು. ಕೆಲಸವು ಸಲೀಸಾಗಲೆಂದು ಆಳುಗಳು ಇನ್ನೊಂದು ಬಕೆಟ್ಟು ನೀರನ್ನು ಸುರಿಯುವಾಗ ಅವರು ಕಾಂಕ್ರೀಟಿನ ಬಲವನ್ನಷ್ಟೇ ಅಲ್ಲ, ಸರಳಿನ ಹಿಡಿತವನ್ನೂ ತೊಳೆದುಬಿಡುತ್ತಿರುತ್ತಾರೆ.

ನಮ್ಮ ದೇಶದಲ್ಲಿ ಏಣುಸರಳು ರೂಢಿಗೆ ಬಂದುದು ಇದಕ್ಕೂ ಈಚೆಗೆ. ಇಲ್ಲಿ ಬಹುಕಾಲ ‘ಟಾರ್’ ಎಂಬ ಹೆಸರಿನಿಂದ ಮನೆಮಾತಾಗಿದ್ದ ಸರಳು, ಏಣುಗಳನ್ನು ಎಬ್ಬಿಸಿ ತಣ್ಣಗೆ ಹುರಿಗೊಳಿಸಿದುದು. ರಾನ್ಸಮನು 1884ರಲ್ಲಿ ಕಂಡ ಉಪಾಯವೇ ರೂಪಾಂತರ ಹೊಂದಿ ನಮ್ಮ ಬೀದಿಗೆ ಬಂದಿತೆನ್ನಬಹುದು. ಈಗ ಅದರ ಸ್ಥಾನವನ್ನು ಕಾದಿರುವಾಗಲೇ ನೀರಿನಿಂದ ತಣಿಸಿ ಮಾಡುವ ಟಿ.ಎಂ.ಟಿ. ಸರಳು ಹಿಡಿದಿದೆ.

ಏಣು ಬಂದುದರಿಂದ ಒಂದು ತೊಡಕು ನೀಗಿತು. ಆದರೆ ಇನ್ನೊಂದು ಹುಟ್ಟಿತು. ಏಣಿನ ಮೈಯು ಇಳಿಜಾರಾದುದರಿಂದ ಅದು ಕಾಂಕ್ರೀಟನ್ನು ಮುಂದಕ್ಕೆ ಒತ್ತುವಾಗ ಹೊರಕ್ಕೂ ತಳ್ಳುತ್ತದೆ. ಸೌದೆಯಲ್ಲಿ ಹೊಡೆದ ಬೆಣೆಯು ಸೌದೆಯನ್ನು ಸೀಳುವಂತೆ, ಸಾಲು ಬೆಣೆಗಳಾದ ಏಣುಗಳು ಸುತ್ತಣ ಕಾಂಕ್ರೀಟನ್ನು ಸೀಳಲೆಳಸುತ್ತವೆ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವನು ಜಪಾನಿನ ಗೋತೊ. ಸರಳನ್ನು ಎಳೆಯುತ್ತಿರುವಾಗಲೇ ಕಾಂಕ್ರೀಟಿನೊಳಕ್ಕೆ ಕೆಂಪು ಶಾಯಿಯನ್ನು ಹೊಗಿಸಿ, ಬಳಿಕ ಅದನ್ನು ಸೀಳಿ ನೋಡಿದಾಗ, ಏಣುಗಳಿಂದ ಹೊರಟು ಸರಳಿಗೆ ಸುಮಾರು 60 ಡಿಗ್ರಿ ಓರೆಯಾಗಿ ಹಬ್ಬಿದ ಸಣ್ಣ ಸಣ್ಣ ಬಿರುಕುಗಳು ಶಾಯಿಯಲ್ಲಿ ತೊಯ್ದು ಕಂಡುವು. 1971ರಲ್ಲಿ ಇದು ಪ್ರಕಟವಾಯಿತು. ಎರಡು ವರ್ಷಗಳ ಮೇಲೆ ಸ್ವೀಡನ್ನಿನ ಟೆಪ್ಫರ್ಸ್ ಇದನ್ನು ನೀರಿನ ಕೊಳವೆಗೆ ಹೋಲಿಸಿ ಲೆಕ್ಕಹಾಕಿದನು: ಒಳಗಿನ ನೀರಿನ ಒತ್ತಡವು ಕೊಳವೆಯ ಗೋಡೆಯನ್ನು ಹೇಗೆ ಒಡೆಯಲೆಳಸುವುದೋ ಹಾಗೆಯೇ ಸರಳಿನ ತಳ್ಳಾಟವು ಅದರ ಸುತ್ತಲಿನ ಕಾಂಕ್ರೀಟನ್ನು ಒಡೆಯಲೆಳಸುತ್ತದೆ. ಗೋಡೆ ತೆಳುವಾದರೆ ಕೊಳವೆ ಒಡೆಯುತ್ತದೆ. ಸರಳಿನ ಹೊರಗಣ ಹೊದಿಕೆ ತೆಳುವಾದರೆ ಕಾಂಕ್ರೀಟು ಸೀಳುತ್ತದೆ. ಮೇಸ್ತ್ರಿಗಳು ಸರಳಿನ ಕೆಳಗಿಡುವ ಸಣ್ಣ ಕವರ್ ಬ್ಲಾಕು ತುಕ್ಕನ್ನು ತಡೆಯುವುದಕ್ಕೆ ಮಾತ್ರವೇ ಅಲ್ಲ, ಹಿಡಿತವನ್ನು ಕಾಯುವುದಕ್ಕೂ ಬೇಕಾದುದು ಎಂಬುದು ಇದರಿಂದ ತಿಳಿಯುತ್ತದೆ. ಸರಳುಗಳನ್ನು ಸುತ್ತುವ ರಿಂಗುಗಳೂ ಹಾಗೆಯೇ. ಒಡೆಯಲೆಳಸುವ ಗಡಿಗೆಗೆ ಬಿಗಿದ ಪಟ್ಟಿಯಂತೆ ಅವು ಕಾಂಕ್ರೀಟನ್ನು ಕಟ್ಟಿಹಿಡಿಯುತ್ತವೆ.

ಈಗ ಉದ್ದದ ಮಾತಿಗೆ ಬರೋಣ. ಸರಳು ಒಳಗೆ ಎಷ್ಟು ಉದ್ದ ಹೂತಿದ್ದರೆ ಸಾಕು? ಭಾರತೀಯ ಪ್ರಮಾಣದ 2000ನೆಯ ಇಸವಿಯ ನಿಯಮಾವಳಿಯಂತೆ ಒಂದು ಲೆಕ್ಕವನ್ನು ನೋಡಬಹುದು. 16 ಮಿಲಿಮೀಟರು ವ್ಯಾಸದ, 415 ದರ್ಜೆಯ ಒಂದು ಏಣುಸರಳು ತನ್ನ ಲೆಕ್ಕದ ಬಲವನ್ನೆಲ್ಲ ಹೊತ್ತಾಗ ಅದರಲ್ಲಿರುವ ಎಳೆತವು ಸುಮಾರು 7 ಟನ್ನನ್ನು ಮೀರುತ್ತದೆ. ಸಾಮಾನ್ಯ ಮನೆಗಳಲ್ಲಿ ಬಳಸುವ ಎಂ 20 ದರ್ಜೆಯ ಕಾಂಕ್ರೀಟು ಅದನ್ನು ಹಿಡಿದುಕೊಳ್ಳಬೇಕಾದರೆ ವ್ಯಾಸದ 47 ಮಡಿ, ಎಂದರೆ 75 ಸೆಂಟಿಮೀಟರು, ಸುಮಾರು ಎರಡೂವರೆ ಅಡಿ ಉದ್ದ ಬೇಕು. ಸರಳಿನ ಉಕ್ಕು ಹೆಚ್ಚು ಬಲವುಳ್ಳದ್ದಾದರೆ ಈ ಉದ್ದವು ಕಡಮೆಯಾಗುವುದೆಂದು ಕೆಲವರು ಎಣಿಸುತ್ತಾರೆ. ನಿಜವು ಅದಕ್ಕೆ ವಿರುದ್ಧವಾದುದು. ಬಲವುಳ್ಳ ಸರಳು ಹೆಚ್ಚು ಎಳೆತವನ್ನು ಹೊರುವುದರಿಂದ ಅದನ್ನು ಹಿಡಿಯಲು ಹೆಚ್ಚು ಉದ್ದವೇ ಬೇಕು. 500 ದರ್ಜೆಯ ಸರಳಿಗೆ ಅದೇ ಕಾಂಕ್ರೀಟಿನಲ್ಲಿ ವ್ಯಾಸದ 57 ಮಡಿ. ಹಳೆಯ ಸರಳಿನ ಕಾಲದಲ್ಲಿ ಕಲಿತ ನಲವತ್ತು ಮಡಿಯ ವಾಡಿಕೆಯನ್ನೇ ಹೊಸ ಸರಳಿಗೂ ಹಿಡಿದ ಮೇಸ್ತ್ರಿಯು, ತಿಳಿಯದೆಯೇ, ಹಿಡಿತದ ಕಾಲುಪಾಲಿಗೂ ಹೆಚ್ಚನ್ನು ಕಡಿದಂತಾಯಿತು. ಇನ್ನೊಂದು ಮಾತು. ಸರಳು ದಪ್ಪವಾದಷ್ಟೂ ಅದು ಹೊರುವ ಎಳೆತವು ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಹಿಡಿತಕ್ಕೆ ಒದಗುವ ಸುತ್ತಳತೆಯು ವ್ಯಾಸದಂತೆ ಮಾತ್ರ ಬೆಳೆಯುತ್ತದೆ. 16 ಮಿಲಿಮೀಟರಿನ ಒಂದು ಸರಳಿಗೆ ಬದಲಾಗಿ 8 ಮಿಲಿಮೀಟರಿನ ನಾಲ್ಕನ್ನಿಟ್ಟರೆ ಉಕ್ಕು ಅಷ್ಟೇ, ಹಿಡಿಯುವ ಮೈ ಮಾತ್ರ ಇಮ್ಮಡಿ.

ಈ ಲೆಕ್ಕಗಳನ್ನು ಕಡೆಗಣಿಸಿದರೆ ಏನಾಗುವುದೆಂಬುದನ್ನು ಎರಡು ಭೂಕಂಪಗಳು ತೋರಿಸಿಕೊಟ್ಟಿವೆ. 1971ರ ಫೆಬ್ರವರಿ 9ರ ಬೆಳಗ್ಗೆ ಕ್ಯಾಲಿಫೋರ್ನಿಯದ ಸ್ಯಾನ್ ಫರ್ನಾಂಡೊ ಕಣಿವೆಯು ನಡುಗಿದಾಗ ಹೆದ್ದಾರಿಯ ಹೊಸ ಮೇಲ್ಸೇತುವೆಗಳು ಉರುಳಿದವು. ಬಿದ್ದ ಕಂಬಗಳಲ್ಲಿ ಕೆಲವುಗಳ ಬುಡವನ್ನು ನೋಡಿದವರಿಗೆ ಬೆರಗಾಯಿತು. ಉಕ್ಕು ತುಂಡಾಗಿರಲಿಲ್ಲ, ನೇರವಾದ ದಪ್ಪ ಸರಳುಗಳು ತಳಪಾಯದ ಕಾಂಕ್ರೀಟಿನಿಂದ, ಸಡಿಲ ಮಣ್ಣಿನಿಂದ ಸಸಿಯು ಬೇರುಸಹಿತ ಕಿತ್ತುಬರುವಂತೆ, ಕಿತ್ತುಬಂದಿದ್ದವು. ಉಕ್ಕಿಗೆ ಬಲವಿದ್ದಿತು, ಬೇರು ಮಾತ್ರ ಸಾಲದಾಗಿದ್ದಿತು. ನಮ್ಮಲ್ಲಿ 2001ರ ಜನವರಿ 26ರಂದು ಭುಜ್ ಭೂಕಂಪವಾದಾಗ, ಕಂಪದ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹಲವು ಅಂತಸ್ತಿನ ಕಟ್ಟಡಗಳು ಕುಸಿದು ಜನರು ಮಡಿದರು. ಕುಸಿತಕ್ಕೆ ಕಾರಣಗಳು ಅನೇಕ. ಕಂಬಗಳಲ್ಲಿ ಕಂಡ ದೋಷಗಳಲ್ಲಿ ಒಂದು ಬಹು ಸಣ್ಣದು. ಕಂಬದ ರಿಂಗುಗಳ ತುದಿಯನ್ನು ಒಳಕ್ಕೆ ಓರೆಯಾಗಿ ಮಡಿಸದೆ ನೇರ ಕೋನಕ್ಕೆ ಮಡಿಸಿ ಬಿಟ್ಟಿದ್ದರು. ಹೊರಗಿನ ಹೊದಿಕೆ ಉದುರಿದೊಡನೆ ಆ ತುದಿಗಳು ಬಿಚ್ಚಿಕೊಂಡವು. ರಿಂಗು ಬಿಚ್ಚಿದ ಕಂಬವು, ಪಟ್ಟಿ ಕಳಚಿದ ಪೀಪಾಯಿಯಂತೆ ಚದರಿಹೋಯಿತು. ರಿಂಗಿನ ತುದಿಯನ್ನು 135 ಡಿಗ್ರಿ ಮಡಿಸಿ ಕಂಬದ ಗರ್ಭದೊಳಕ್ಕೆ ಹೊಗಿಸಬೇಕೆಂದು 1993ರಲ್ಲಿಯೇ ಭಾರತೀಯ ಪ್ರಮಾಣವು ವಿಧಿಸಿದ್ದಿತು. 2016ರ ಪರಿಷ್ಕರಣದಂತೆ ಮಡಿಕೆಯಿಂದಾಚೆಗೆ ರಿಂಗಿನ ವ್ಯಾಸದ 6 ಮಡಿ ಉದ್ದ, 65 ಮಿಲಿಮೀಟರಿಗೆ ಕಡಮೆಯಿಲ್ಲದಂತೆ, ಉಳಿಯಬೇಕು. ಎರಡಂಗುಲದ ಚಿಲ್ಲರೆ ಉಕ್ಕು, ಕಮ್ಮಟದವನ ಕೈಯ ಇನ್ನೊಂದು ತಿರುವು—ಕುಟುಂಬಗಳ ಅಳಿವು ಉಳಿವುಗಳು ಇಷ್ಟರ ಮೇಲೆ ನಿಂತಿದ್ದುವು.

ಆದುದರಿಂದ, ಮನೆಯನ್ನು ಕಟ್ಟಿಸುವ ಮಹನೀಯರು ಮೋಲ್ಡು ಹಾಕುವ ದಿನಕ್ಕೆ ಮುನ್ನಿನ ಸಂಜೆ ಒಮ್ಮೆ ಸೆಂಟ್ರಿಂಗಿನ ಮೇಲೆ ಹತ್ತಿ ನೋಡುವುದು ಯುಕ್ತ. ತೊಲೆಯ ಮೇಲಣ ಸರಳುಗಳು ಕಂಬದೊಳಕ್ಕೆ ಹೊಕ್ಕು ಕೆಳಕ್ಕೆ ಬಾಗಿವೆಯೆ? ಸಜ್ಜೆಯ ಸರಳುಗಳು ಮೇಲುಮೈಯಲ್ಲಿದ್ದು, ತೊಲೆಯೊಳಕ್ಕೆ ಸಾಕಷ್ಟು ಹೋಗಿವೆಯೆ? ಒಂದು ಸರಳಿಗೆ ಇನ್ನೊಂದನ್ನು ಜೋಡಿಸುವಾಗ ಅವು ಒಂದರ ಪಕ್ಕದಲ್ಲೊಂದು ಹೇಳಿದಷ್ಟು ಉದ್ದ ಸೇರಿಕೊಂಡಿವೆಯೆ, ಎಲ್ಲ ಜೋಡಣೆಗಳೂ ಒಂದೇ ಕಡೆಯಲ್ಲಿ ಬಂದಿಲ್ಲವೆ? ಜೋಡಿಸಿದ ಕಡೆ ಬಿಗಿದ ಬೈಂಡಿಂಗ್ ತಂತಿಯು ಭಾರವನ್ನು ಹೊರುವುದೆಂದು ಯಾರೂ ಭ್ರಮಿಸಬಾರದು. ಅದು ಸರಳು ಅಲುಗದಂತಿರಲು ಮಾತ್ರ. ಒಂದರಿಂದ ಇನ್ನೊಂದಕ್ಕೆ ಭಾರವನ್ನು ದಾಟಿಸತಕ್ಕುದು ಎರಡರ ನಡುವಣ ಕಾಂಕ್ರೀಟೇ. ಕಂಬದ ಸರಳುಗಳನ್ನು ಮಾಳಿಗೆಯ ಮಟ್ಟಕ್ಕೆ ಸೇರಿದಂತೆಯೇ ಜೋಡಿಸುವ ವಾಡಿಕೆಯುಂಟು. ಭೂಕಂಪದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಆ ಸ್ಥಳವೇ ಆದುದರಿಂದ, ಕಂಬದ ಎತ್ತರದ ನಡುಭಾಗದಲ್ಲಿ ಜೋಡಿಸುವುದು ನಿಯಮ.

ತೋಟಗಾರನ ತೊಟ್ಟಿಯಿಂದ ಮೊದಲಾದ ಈ ಕಥೆಯಲ್ಲಿ ಕಬ್ಬಿಣಕ್ಕೂ ಕಾಂಕ್ರೀಟಿಗೂ ಬಲವೆಷ್ಟೆಂಬುದು ಬೇಗನೆ ತಿಳಿಯಿತು. ಅವೆರಡರ ನಡುವಣ ಹಿಡಿತವು ತಿಳಿಯುವುದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಕ್ಕ ಸಭೆಯೊಂದು, ಮುರಿದ ದಿಮ್ಮಿಗಳು ಎಷ್ಟೋ, ಬಿದ್ದ ಸೇತುವೆಗಳು, ಮಡಿದ ಮನುಷ್ಯರು—ಇಷ್ಟರ ಮೇಲೆ ಸಂಪಾದಿಸಿದ ಅರಿವು ಈಗ ನಿಯಮದ ಪುಸ್ತಕಗಳಲ್ಲಿ ಕೆಲವು ಸಾಲುಗಳಾಗಿ ನಿಂತಿದೆ. ಕಾಂಕ್ರೀಟು ಸುರಿಯುವ ಮುಂಚೆ ಆ ಸಾಲುಗಳನ್ನು ಓದುವುದಕ್ಕೆ ಒಂದು ಗಳಿಗೆ ಸಾಕು. ಸುರಿದ ತರುವಾಯ, ತಪ್ಪಿದ್ದರೂ ಒಪ್ಪಿದ್ದರೂ, ಯಾರ ಕಣ್ಣಿಗೂ ಕಾಣುವಂತಿಲ್ಲ.